ಶಾಲು ಹೊದಿಸಿದ ಮೇಲೆ ಏನು?

ಈ ಸಲ ಬಂದ ಕಾಗದಗಳಲ್ಲಿ ನಾಲ್ಕು ಒಂದೇ ವಿಷಯದ ಸುತ್ತ ಇದ್ದವು. ಸೈನ್ಯದಿಂದ ನಿವೃತ್ತರಾದವರಿಗೆ ಬೇಸಾಯ ಕಲಿಸುವ ಸಂಸ್ಥೆಗಳು, ಅಲ್ಲಿಗೆ ಹೊಸದಾಗಿ ಸೇರುವವರು. ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ. ನಮ್ಮ ಯಜಮಾನರು ಸೈನ್ಯದ ಮದ್ರಾಸ್ ಎಂಜಿನಿಯರ್ ಗ್ರೂಪ್, ಅಂದರೆ ಎಂಇಜಿಯಲ್ಲಿ ಸುಬೇದಾರರಾಗಿ ನಿವೃತ್ತರಾದವರು. ನಾನು 19 ವರ್ಷ ಇಂಥದ್ದೇ ಒಂದು ಚಿಕ್ಕ ಟ್ರಸ್ಟಿನ ಕಚೇರಿ ನೋಡಿಕೊಂಡವಳು. ಹಾಗಾಗಿ ಕಂಡದ್ದನ್ನೇ ಬರೆಯುತ್ತೇನೆ.

ಪ್ರಶ್ನೆ: ಅಕ್ಕ, ನಮ್ಮದು ಮಾಜಿ ಸೈನಿಕರಿಗೆ ಕೃಷಿ ತರಬೇತಿ ಕೊಡುವ ಸಂಘ. ಕಚೇರಿ ಯಲಹಂಕದಲ್ಲಿ, ಜಮೀನು ದೊಡ್ಡಬಳ್ಳಾಪುರದ ಹತ್ತಿರ, 6 ಎಕರೆ. ನವೆಂಬರ್‌ನಲ್ಲಿ ಮೂವರು ಹೊಸ ಸಿಬ್ಬಂದಿ ಬರುತ್ತಾರೆ. ಲೆಕ್ಕ ಬರೆಯಲು ಒಬ್ಬ ಹುಡುಗಿ, ಕೃಷಿ ಪದವಿ ಮುಗಿಸಿದ ಒಬ್ಬ ಹುಡುಗ, ಜಮೀನು ನೋಡಿಕೊಳ್ಳಲು ಒಬ್ಬ ನಿವೃತ್ತ ಹವಾಲ್ದಾರರು. ಆಡಳಿತ ಮಂಡಳಿಗೂ ಇಬ್ಬರು ಸೇರುತ್ತಿದ್ದಾರೆ. ಒಬ್ಬರು ನಿವೃತ್ತ ಕರ್ನಲ್, ಇನ್ನೊಬ್ಬರು ರೇಷ್ಮೆ ಬೆಳೆಯುವ ಹೆಣ್ಣುಮಗಳು. ಹಾಲ್ ಹಿಡಿದು, ಶಾಲು ಹಾರ ಹಾಕಿ, ಊಟ ಹಾಕಿಸೋಣ ಎಂದು ಅಧ್ಯಕ್ಷರು ಹೇಳುತ್ತಾರೆ. ಖರ್ಚು 30 ಸಾವಿರ ದಾಟುತ್ತದೆ. ಇದು ಬೇಕಾ? – ಕಾರ್ಯದರ್ಶಿ, ಯಲಹಂಕ

ಉತ್ತರ: ಊಟ ಬೇಕು. ಹಾಲ್ ಬೇಡ. ಶಾಲು ನಿಮ್ಮ ಅಧ್ಯಕ್ಷರ ಮನಸ್ಸಿಗೆ ಬಿಟ್ಟದ್ದು. ಶಾಲಿಗೆ ನನ್ನ ವಿರೋಧ ಇಲ್ಲ. ಆದರೆ ಶಾಲು ಹೊದಿಸಿದ ಮೇಲೆ ಏನು ಎನ್ನುವುದನ್ನು ಮೊದಲು ಯೋಚಿಸಿ.

ನಾನು ಮೊದಲು ಕೆಲಸಕ್ಕೆ ಸೇರಿದ ಕಡೆ ಮೊದಲ ದಿನ ನನಗೆ ಮಲ್ಲಿಗೆ ಹಾರ ಹಾಕಿದರು. ಫೋಟೋ ತೆಗೆದರು. ಆಮೇಲೆ ಎಲ್ಲರೂ ಅವರವರ ಕೆಲಸಕ್ಕೆ ಹೋದರು. ನನಗೆ ಕುರ್ಚಿ ಇತ್ತು, ಮೇಜು ಇರಲಿಲ್ಲ. ಬುತ್ತಿ ಎಲ್ಲಿ ಕೂತು ತಿನ್ನಬೇಕು ಎಂದು ಗೊತ್ತಾಗಲಿಲ್ಲ. ಕೇಳಲು ಸಂಕೋಚ. ಮೆಟ್ಟಿಲ ಮೇಲೆ ಕೂತು ತಿಂದೆ. ಬೀರುವಿನ ಬೀಗದ ಕೈ ಯಾರ ಹತ್ತಿರ ಇರುತ್ತದೆ ಎಂದು ತಿಳಿಯುವುದಕ್ಕೆ 11 ದಿನ ಹಿಡಿಯಿತು. ಆ ಹಾರದ ಫೋಟೋ ಇನ್ನೂ ನನ್ನ ಹತ್ತಿರ ಇದೆ. ಅದನ್ನು ನೋಡಿದರೆ ನೆನಪಾಗುವುದು ಆ ಮೆಟ್ಟಿಲು.

ನಮ್ಮ ಯಜಮಾನರ ಕಥೆ ಬೇರೆ. ಅರಸೀಕೆರೆ ಕಡೆಯ ಹಳ್ಳಿಯಿಂದ ತಗಡಿನ ಟ್ರಂಕು ಹಿಡಿದುಕೊಂಡು ಹಲಸೂರು ಕೆರೆ ಪಕ್ಕದ ಎಂಇಜಿ ಸೆಂಟರಿಗೆ ಬಂದಾಗ ಅವರಿಗೆ ಹದಿನೆಂಟು ತುಂಬಿತ್ತು ಅಷ್ಟೆ. ಸಂಜೆ ಕತ್ತಲಾಗಿತ್ತಂತೆ. ಗೇಟಿನ ಒಳಗೆ ಒಬ್ಬರು ಕೇಳಿದ ಮೊದಲ ಮಾತು, ‘ಊಟ ಆಯ್ತಾ ತಂಬಿ?’ ಎಂಇಜಿಯಲ್ಲಿ ಜವಾನರನ್ನು ತಂಬಿ ಎಂದೇ ಕರೆಯುತ್ತಾರೆ. ಲಂಗರ್‌ನಲ್ಲಿ ಊಟ ಹಾಕಿದರು, ಮಗ್ಗು ತಟ್ಟೆ ಕೊಟ್ಟರು, ಮಂಚ ತೋರಿಸಿದರು. ಆರು ತಿಂಗಳ ಹಿಂದೆ ಬಂದಿದ್ದ ಇನ್ನೊಬ್ಬ ಹುಡುಗನನ್ನು ಜೊತೆಗೆ ಬಿಟ್ಟರು. ಸೈನ್ಯದಲ್ಲಿ ಇವನಿಗೆ ‘ಬಡ್ಡಿ’ ಅನ್ನುತ್ತಾರೆ. ಸಾಲದ ಬಡ್ಡಿ ಅಲ್ಲ, ಇಂಗ್ಲಿಷಿನ ಗೆಳೆಯ. ಕಾಗದ ಪತ್ರ ಎಲ್ಲ ಮರುದಿನ. ಈಗಲೂ ಅವರು ಯಾರಾದರೂ ಮನೆಗೆ ಬಂದರೆ ಹೆಸರು ಕೇಳುವ ಮುಂಚೆ ಊಟ ಆಯ್ತಾ ಎಂದು ಕೇಳುತ್ತಾರೆ.

ನೀವು ಮಾಡಬೇಕಾದದ್ದು ಇದೇ. ಮೂವರಿಗೂ ಬರುವ ಮುಂಚೆಯೇ ಮೇಜು, ಬೀಗದ ಕೈ, ಬುತ್ತಿ ತಿನ್ನುವ ಜಾಗ, ಶೌಚಾಲಯ ಎಲ್ಲ ಗೊತ್ತಿರುವ ಒಬ್ಬ ಜೋಡಿದಾರ ಸಿದ್ಧ ಇರಲಿ. ಜೋಡಿದಾರ ಮೇಲಧಿಕಾರಿ ಆಗಿರಬಾರದು. ಇತ್ತೀಚೆಗೆ ಸೇರಿದವರಾದರೆ ಇನ್ನೂ ಒಳ್ಳೆಯದು. ಹೊಸಬರಿಗೆ ಏನು ಗೊತ್ತಿರುವುದಿಲ್ಲ ಎನ್ನುವುದು ಅವರಿಗೆ ಮರೆತಿರುವುದಿಲ್ಲ.

ಮೊದಲ ದಿನ ಕಚೇರಿಗೆ ಕರೆಯಬೇಡಿ, ಹೊಲಕ್ಕೆ ಕರೆಯಿರಿ. ಲೆಕ್ಕದ ಹುಡುಗಿಯನ್ನೂ ಕರೆಯಿರಿ. ನವೆಂಬರ್ ಅಂದಿರಿ, ಹಾಗಾದರೆ ನಿಮ್ಮ ರಾಗಿ ಕೊಯ್ಲಿಗೆ ಬಂದಿರುತ್ತದೆ. ಹೊಲ ತೋರಿಸುವ ಕೆಲಸವನ್ನು ಅಧ್ಯಕ್ಷರಿಗೆ ಕೊಡಬೇಡಿ, ನೀವೂ ಮಾಡಬೇಡಿ. ಅಲ್ಲಿ ವರ್ಷಗಟ್ಟಲೆ ಕಳೆ ಕಿತ್ತ ಹೆಣ್ಣಾಳು ಒಬ್ಬರು ಇದ್ದೇ ಇರುತ್ತಾರೆ ಅಲ್ವಾ? ಅವರಿಗೆ ಕೊಡಿ. ಯಾವ ಮೂಲೆಯಲ್ಲಿ ನೀರು ನಿಲ್ಲುತ್ತದೆ, ಯಾವ ಬದುವಿನಲ್ಲಿ ಹಾವು ಇರುತ್ತದೆ, ಕಾಡುಹಂದಿ ಯಾವ ಕಡೆಯಿಂದ ನುಗ್ಗುತ್ತದೆ ಎಂದು ಅವರಿಗೆ ಗೊತ್ತಿರುವಷ್ಟು ನಿಮ್ಮ ಫೈಲಿಗೆ ಗೊತ್ತಿಲ್ಲ. ನಮ್ಮ ಟ್ರಸ್ಟಿನಲ್ಲಿ ಈ ಕೆಲಸ ಮಾಡುತ್ತಿದ್ದ ಅಜ್ಜಿ ಒಬ್ಬರಿದ್ದರು. ಹೊಸಬರು ಬರುವ ದಿನ ಹೊಸ ಸೀರೆ ಉಟ್ಟು ಬರುತ್ತಿದ್ದರು. ಅದು ಅವರಿಗೂ ಮರ್ಯಾದೆ.

ಭಾಷೆಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಿಮ್ಮಲ್ಲಿ ಮೂರು ಭಾಷೆ ಓಡಾಡುತ್ತವೆ. ಹವಾಲ್ದಾರರ ಬಾಯಲ್ಲಿ ಫಾಲಿನ್, ರೋಲ್‌ಕಾಲ್, ಬಡಾ ಖಾನಾ. ಪದವಿ ಹುಡುಗನ ಬಾಯಲ್ಲಿ ಎನ್‌ಪಿಕೆ, ಮಲ್ಚಿಂಗ್. ಹೊಲದವರ ಬಾಯಲ್ಲಿ ಅರಿ ಹಾಕುವುದು, ಸಿವುಡು (ಕೊಯ್ದ ಪೈರಿನ ಕಟ್ಟು) ಕಟ್ಟುವುದು, ಮೆದೆ ಒಟ್ಟುವುದು, ಅಕ್ಕಡಿ ಸಾಲು. ರಾಗಿ ನಡುವೆ ಅವರೆ, ತೊಗರಿ, ಹುಚ್ಚೆಳ್ಳಿನ ಸಾಲು ಹಾಕುವುದಕ್ಕೆ ಅಕ್ಕಡಿ ಎನ್ನುತ್ತಾರೆ ಎಂದು ಗೊತ್ತಿಲ್ಲದ ಒಬ್ಬ ಹುಡುಗ ನಮ್ಮಲ್ಲಿ ಒಂದು ಸಲ ಅವರೆ ಗಿಡವನ್ನೆಲ್ಲ ಕಳೆ ಎಂದು ಕೀಳಿಸಿಬಿಟ್ಟ. ಪಾಪ, ತಪ್ಪು ಅವನದಲ್ಲ. ಯಾರೂ ಹೇಳಿರಲಿಲ್ಲ. ಸಂಕ್ರಾಂತಿ ಹೊತ್ತಿಗೆ ಸೊಗಡವರೆ ಸಿಗಬೇಕಿದ್ದ ಸಾಲು ಬೋಳಾಗಿತ್ತು. ಹಾಗಾಗಿ ಮೊದಲ ವಾರ ಮೂರೂ ಕಡೆಯ ಮಾತುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಸಿ. ಮುಂದೆ ಬರುವವರಿಗೂ ಅದು ಆಗುತ್ತದೆ.

ಹವಾಲ್ದಾರರಿಗೆ ಇನ್ನೂ ಒಂದು ವಿಷಯ. ಜವಾನರು, ಹವಾಲ್ದಾರರು ನಲವತ್ತರ ಆಸುಪಾಸಿನಲ್ಲೇ ನಿವೃತ್ತರಾಗುತ್ತಾರೆ. ಮಕ್ಕಳು ಇನ್ನೂ ಓದುತ್ತಿರುತ್ತಾರೆ. ಅವರಿಗೆ ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್ ಪಾಲಿಕ್ಲಿನಿಕ್‌ಗೆ ಹೋಗುವ ದಿನ ಇರುತ್ತದೆ, ಸೈನ್ಯದ ಕ್ಯಾಂಟೀನಿಗೆ ಹೋಗುವ ದಿನ ಇರುತ್ತದೆ, ವರ್ಷಕ್ಕೊಮ್ಮೆ ಪಿಂಚಣಿಗೆ ಜೀವನ ಪ್ರಮಾಣಪತ್ರ ಕೊಡುವುದು ಇರುತ್ತದೆ. ಅದಕ್ಕೆ ರಜೆ ಹೇಗೆ ಎಂದು ಅವರು ಕೇಳುವ ಮುಂಚೆ ನೀವೇ ಹೇಳಿ. ಕೇಳುವುದು ಅವರಿಗೆ ಕಷ್ಟ. ವರ್ಷಗಟ್ಟಲೆ ರಜೆಯನ್ನು ಮಂಜೂರು ಮಾಡಿಸಿಕೊಂಡು ಬದುಕಿದವರು.

ಈಗ ಕರ್ನಲ್ ಸಾಹೇಬರು. ಕರ್ನಲ್ ಮತ್ತು ಹವಾಲ್ದಾರರು ಒಂದೇ ಸಮಯಕ್ಕೆ ಬರುತ್ತಿದ್ದಾರೆ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಪಲ್ಟನ್‌ನಲ್ಲಿ ಹವಾಲ್ದಾರ್ ನೇರವಾಗಿ ಕರ್ನಲ್ ಹತ್ತಿರ ಹೋಗುವುದಿಲ್ಲ, ನಡುವೆ ಸುಬೇದಾರ್ ಸಾಬ್ ಇರುತ್ತಾರೆ. ನಿಮ್ಮಲ್ಲಿ ಹನಿ ನೀರಾವರಿಯ ಫಿಲ್ಟರ್ ಕಟ್ಟಿಕೊಂಡರೆ ಹವಾಲ್ದಾರರು ಯಾರ ಎದುರಿಗಾದರೂ ಬಾಯಿ ಬಿಟ್ಟು ಹೇಳಬೇಕು. ಹಾಗೆಯೇ ಮಂಡಳಿಯ ಸದಸ್ಯರು ಹೊಲಕ್ಕೆ ಬಂದು ನೇರವಾಗಿ ‘ಇದನ್ನು ಹೀಗೆ ಮಾಡು’ ಎಂದು ಹೇಳಬಾರದು. ಹೇಳಿದರೆ ಹವಾಲ್ದಾರರು ಮಾಡಿಯೇ ಮಾಡುತ್ತಾರೆ, ನೀವು ಹೇಳಿದ ಕೆಲಸ ಹಾಗೇ ಉಳಿಯುತ್ತದೆ. ಮಂಡಳಿಯ ನಿರ್ಧಾರ ಕಾರ್ಯದರ್ಶಿಯಾದ ನಿಮ್ಮ ಮೂಲಕವೇ ಸಿಬ್ಬಂದಿಗೆ ಹೋಗಬೇಕು. ಇದನ್ನು ಕರ್ನಲ್ ಅವರಿಗೆ ಮೊದಲೇ, ಮನೆಗೆ ಹೋಗಿ, ಕಾಫಿ ಕುಡಿಯುತ್ತಾ ಹೇಳಿ. ಸೈನ್ಯದವರು ನೇರ ಮಾತನ್ನು ಬೇಗ ಒಪ್ಪುತ್ತಾರೆ. ‘ಸಾಬ್’ ಎನ್ನುವ ಮಾತು ಇರಲಿ, ಅದನ್ನು ಕೀಳಲು ಹೋಗಬೇಡಿ. ಅದು ಅವರ ಜೀವನ.

ನಮ್ಮಲ್ಲಿ ಒಂದು ವರ್ಷ ಹೊಸದಾಗಿ ಮಂಡಳಿಗೆ ಬಂದ ಅಧಿಕಾರಿಯೊಬ್ಬರು ಕೊಯ್ಲಿನ ದಿನ ಕುಡುಗೋಲು ಕೇಳಿ ತೆಗೆದುಕೊಂಡರು. ಸಿವುಡು ಕಟ್ಟುವುದನ್ನು ಅವರಿಗೆ ಕಲಿಸಿದ್ದು ಒಬ್ಬ ಮಾಜಿ ಸಿಪಾಯಿ. ಮೊದಲ ಐದಾರು ಸಿವುಡು ಬಿಚ್ಚಿಕೊಂಡವು. ಸಿಪಾಯಿ ಮೆಲ್ಲಗೆ, ‘ಇನ್ನೊಂದು ಸುತ್ತು ಸಾಬ್’ ಎಂದು ಹೇಳಿಕೊಡುತ್ತಿದ್ದರು. ಮಧ್ಯಾಹ್ನ ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂತು ಮುದ್ದೆ, ಉಪ್ಸಾರು ಉಂಡರು. ಅವತ್ತಿನ ಊಟಕ್ಕೆ ನಮಗೆ ಹಾಲ್ ಬಾಡಿಗೆಯ ಕಾಲುಭಾಗವೂ ಖರ್ಚಾಗಿರಲಿಲ್ಲ.

ರೇಷ್ಮೆ ಬೆಳೆಯುವ ಹೆಣ್ಣುಮಗಳ ಬಗ್ಗೆ ನಿಮ್ಮ ಕಾಗದದಲ್ಲಿ ಒಂದೇ ಒಂದು ಮಾತಿದೆ. ನನಗೆ ಅದೇ ಆತಂಕ. ಸಭೆ ಇಂಗ್ಲಿಷಿನಲ್ಲಿ ನಡೆದರೆ ಅವರು ಮೂರನೇ ಸಭೆಯಿಂದ ಬರುವುದು ನಿಲ್ಲಿಸುತ್ತಾರೆ. ಕರ್ನಲ್ ಅವರಿಗೆ ಕನ್ನಡ ಕಷ್ಟವಾದರೆ ಅವರ ಪಕ್ಕ ಒಬ್ಬರು ಕೂತು ತಿಳಿಸಲಿ. ನಡಾವಳಿ ಕನ್ನಡದಲ್ಲೇ ಬರೆಯಿರಿ. ಸಭೆಯ ದಿನ ಗೊತ್ತು ಮಾಡುವ ಮುಂಚೆ ಅವರಿಗೆ ಫೋನ್ ಮಾಡಿ ಹುಳು ಯಾವ ಹಂತದಲ್ಲಿದೆ ಎಂದು ಕೇಳಿ. ನಾಲ್ಕನೇ ಜ್ವರ (ಹುಳು ಪೊರೆ ಬಿಡುವುದು) ಎದ್ದ ಮೇಲೆ ಹುಳುಗಳಿಗೆ ಸೊಪ್ಪು ಹಾಕಿದಷ್ಟೂ ಸಾಲದು. ಹಣ್ಣಾದ ಹುಳುಗಳನ್ನು ಗೂಡು ಕಟ್ಟುವ ಚಂದ್ರಿಕೆಗೆ ಬಿಡುವ ದಿನವಂತೂ ಮನೆ ಮಂದಿಯೆಲ್ಲ ಬೇಕು. ಅಂಥ ವಾರದಲ್ಲಿ ಸಭೆ ಕರೆದು, ‘ಮೇಡಂ ಗೈರುಹಾಜರು’ ಎಂದು ಬರೆಯುವುದು ಅನ್ಯಾಯ. ನಿಮ್ಮ ಮಂಡಳಿಯಲ್ಲಿ ಈಗಲೂ ಬೆಳೆ ತೆಗೆದು ಮಾರುಕಟ್ಟೆಗೆ ಹಾಕುತ್ತಿರುವವರು ಅವರೊಬ್ಬರೇ ಇರಬಹುದು.

ಮಂಡಳಿಗೆ ಬರುವ ಇಬ್ಬರಿಗೂ ಶಾಲಿಗಿಂತ ಮುಂಚೆ ಒಂದು ಫೈಲ್ ಕೊಡಿ. ಅದರಲ್ಲಿ ಬೈಲಾ, ಮೂರು ವರ್ಷದ ಆಡಿಟ್ ಆದ ಲೆಕ್ಕ, ತೀರಿಸಬೇಕಾದ ಸಾಲ, ಆದಾಯ ತೆರಿಗೆಯ 12ಎ ಮತ್ತು 80ಜಿ ಪತ್ರಗಳ ಅವಧಿ ಯಾವಾಗ ಮುಗಿಯುತ್ತದೆ ಎನ್ನುವ ಚೀಟಿ ಇರಲಿ. ಜಮೀನಿನ ಪತ್ರವನ್ನು ಮರೆಯಬೇಡಿ. ಗೇಣಿ ಜಮೀನಾಗಿದ್ದರೆ ಇನ್ನೂ ಎಚ್ಚರ. ನಮ್ಮ ರಾಜ್ಯದ ಭೂಸುಧಾರಣಾ ಕಾಯ್ದೆ ಕೃಷಿ ಜಮೀನನ್ನು ಗೇಣಿಗೆ ಕೊಡುವುದಕ್ಕೆ ನಿರ್ಬಂಧ ಹಾಕಿದೆ. ಸೇವೆಯಲ್ಲಿರುವ ಸೈನಿಕರ ಜಮೀನಿಗೆ ಅದರಲ್ಲಿ ವಿನಾಯಿತಿ ಇದೆ. ನಿಮ್ಮದು ಯಾರ ಜಮೀನು, ಯಾವ ಬಗೆಯ ಪತ್ರ ಎಂದು ವಕೀಲರಿಗೆ ಒಮ್ಮೆ ತೋರಿಸಿ, ಅವರು ಹೇಳಿದ್ದನ್ನೂ ಫೈಲಿಗೆ ಹಾಕಿ. ಹೊಸ ಸದಸ್ಯರು ಸಹಿ ಹಾಕಿದ ಮೇಲೆ ಇದು ತಿಳಿಯಬಾರದು.

ಉಳಿದದ್ದು ಕಚೇರಿ ಕೆಲಸ. ನಿಮ್ಮದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಕೆಳಗಿನ ಸಂಘವಾದರೆ ಬದಲಾದ ಆಡಳಿತ ಮಂಡಳಿಯ ಪಟ್ಟಿಯನ್ನು ರಿಜಿಸ್ಟ್ರಾರ್ ಕಚೇರಿಗೆ ಕೊಡಬೇಕು. ಬ್ಯಾಂಕಿನಲ್ಲಿ ಸಹಿ ಬದಲಾಗುವುದಿದ್ದರೆ ಸಭೆಯ ನಿರ್ಣಯದ ಪ್ರತಿ ಬೇಕು. ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ಸಿಎಸ್‌ಆರ್ ಹಣದ ಬಗ್ಗೆಯೂ ಹೊಸಬರಿಗೆ ಹೇಳಿ. 2013ರ ಕಂಪನಿ ಕಾಯ್ದೆಯ ಏಳನೇ ಪರಿಶಿಷ್ಟದಲ್ಲಿ ಮಾಜಿ ಸೈನಿಕರ ಮತ್ತು ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡವರ ಕ್ಷೇಮದ ಕೆಲಸ ಸ್ಪಷ್ಟವಾಗಿ ಸೇರಿದೆ. ಇದು ಗೊತ್ತಿದ್ದರೆ ದೇಣಿಗೆ ಕೇಳುವವರ ಬೆನ್ನು ನೇರವಾಗಿರುತ್ತದೆ.

ಪ್ರಶ್ನೆ: ಮೇಡಂ, ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆಯಲ್ಲಿ ಬಿಎಸ್ಸಿ ಕೃಷಿ ಮುಗಿಸಿ ಮಾಜಿ ಸೈನಿಕರ ತರಬೇತಿ ಕೇಂದ್ರವೊಂದಕ್ಕೆ ಸೇರಿ ಎರಡು ತಿಂಗಳಾಯಿತು. ಕಲಿಯಲು ಬರುವವರೆಲ್ಲ ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ತುಂಬಾ ಮರ್ಯಾದೆ ಕೊಡುತ್ತಾರೆ. ಆದರೆ ‘ಸ್ವಲ್ಪ ನೀರು ಬಿಡಿ’, ‘ಸ್ವಲ್ಪ ಗೊಬ್ಬರ ಹಾಕಿ’ ಎಂದರೆ ಸುಮ್ನೆ ನಿಂತಿರುತ್ತಾರೆ. ನನ್ನ ಮಾತು ಇಷ್ಟವಿಲ್ಲವೋ ಏನೋ. – ಹೆಸರು ಬೇಡ, ನೆಲಮಂಗಲ

ಉತ್ತರ: ನೋಡಮ್ಮ, ನಿಮ್ಮ ಮಾತು ಅವರಿಗೆ ಇಷ್ಟವಿಲ್ಲ ಎಂದಲ್ಲ. ‘ಸ್ವಲ್ಪ’ ಎಂದರೆ ಎಷ್ಟು ಎಂದು ಕಾಯುತ್ತಿದ್ದಾರೆ. ನೀವು ಬೆಳೆದ ಮನೆಯಲ್ಲಿ ಅಜ್ಜಿ ಕಣ್ಣಳತೆಯಲ್ಲಿ ಉಪ್ಪು ಹಾಕುತ್ತಿದ್ದರು. ಇವರು ಬದುಕಿದ ಕಡೆ ಹಗ್ಗಕ್ಕೂ ಅಳತೆ, ಹೊತ್ತಿಗೂ ಅಳತೆ.

ಅಳತೆ ಇರುವ ಕೆಲಸದಿಂದ ಶುರು ಮಾಡಿ. ಗುಳಿ ರಾಗಿ ಇದಕ್ಕೆ ಹೇಳಿ ಮಾಡಿಸಿದ್ದು. ಹಗ್ಗಕ್ಕೆ ಒಂದೂವರೆ ಅಡಿಗೆ ಒಂದೊಂದು ಗಂಟು ಹಾಕಿಸಿ. ಗಂಟಿಗೊಂದು ಗುಳಿ, ಸಾಲಿಂದ ಸಾಲಿಗೂ ಒಂದೂವರೆ ಅಡಿ, ಗುಳಿಗೆ ಎರಡು ಪೈರು, ಪೈರಿಗೆ ಮೂರು ವಾರ ವಯಸ್ಸು. ಬೇರೂರಿದ ಮೇಲೆ ಕೊರಡು ಎಳೆಸಿ, ಪೈರು ಬಾಗಿ ಬುಡದಲ್ಲಿ ತೆಂಡೆ, ಅಂದರೆ ಹೊಸ ಕವಲು, ಜಾಸ್ತಿ ಒಡೆಯುತ್ತದೆ ಎಂದು ಕಾರಣ ಹೇಳಿ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮ ಮಾಜಿ ಜವಾನರು ನಟ್ಟ ಗುಳಿ ಸಾಲು ಯಾವ ಮೂಲೆಯಿಂದ ನೋಡಿದರೂ ನೇರ ಇರುತ್ತಿತ್ತು. ಊರವರು ಬದುವಿನ ಮೇಲೆ ನಿಂತು ನೋಡುತ್ತಿದ್ದರು. ಜೀವಾಮೃತವೂ ಹಾಗೇ. 200 ಲೀಟರ್ ನೀರು, 10 ಕೆಜಿ ಸಗಣಿ, 10 ಲೀಟರ್ ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ದ್ವಿದಳ ಧಾನ್ಯದ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು. ಬೋರ್ಡಿನ ಮೇಲೆ ಬರೆದಿಡಿ. ಮತ್ತೆ ಯಾರೂ ನಿಮ್ಮನ್ನು ಕೇಳುವುದಿಲ್ಲ.

‘ಯಾಕೆ’ ಎನ್ನುವುದನ್ನೂ ಬಿಡಬೇಡಿ. ರಾಗಿಯಲ್ಲಿ ಜಿಪಿಯು-28 ತಳಿ ಯಾಕೆ ಎಂದರೆ ಬೆಂಕಿ ರೋಗವನ್ನು ತಡೆದುಕೊಳ್ಳುತ್ತದೆ ಎಂದು ಹೇಳಿ. ಮಳೆ ತಡವಾದ ವರ್ಷ ಎಂಎಲ್-365 ಯಾಕೆ ಎಂದು ಹೇಳಿ. ಆರ್ಡರ್ ಪಾಲಿಸಿ ಬೆಳೆದವರು ಕಾರಣ ಕೇಳುವುದಿಲ್ಲ, ಆದರೆ ಕಾರಣ ಸಿಕ್ಕರೆ ಅದನ್ನು ಹಿಡಿದುಕೊಳ್ಳುತ್ತಾರೆ.

ಒಂದು ಕಡೆ ಮಾತ್ರ ನಿಮ್ಮ ಅಳತೆ ಕೈಕೊಡುತ್ತದೆ. ಆರಿದ್ರಾ ಮಳೆ ಬರಬೇಕಾದಾಗ ಬರುವುದಿಲ್ಲ. ಪುನರ್ವಸುವಿಗೆ ಕಾಯಬೇಕಾಗುತ್ತದೆ. ಎಲ್ಲ ಸರಿಯಾಗಿ ಮಾಡಿಯೂ ಫಸಲು ಹೋಗುತ್ತದೆ. ಇದು ಅವರಿಗೆ ತುಂಬಾ ನೋವು ಕೊಡುತ್ತದೆ, ತಮ್ಮದೇ ತಪ್ಪು ಎಂದುಕೊಳ್ಳುತ್ತಾರೆ. ಮೊದಲ ವಾರದಲ್ಲೇ ಇದನ್ನು ಬಿಡಿಸಿ ಹೇಳಿ.

ನಿಮ್ಮ ಬಗ್ಗೆಯೂ ಒಂದು ಮಾತು. ಹತ್ತು ಜನ ಅಥವಾ ಜಾಸ್ತಿ ಕೆಲಸ ಮಾಡುವ ಕಡೆ 2013ರ ಕಾಯ್ದೆಯಂತೆ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು. ಅದರಲ್ಲಿ ಅರ್ಧದಷ್ಟಾದರೂ ಹೆಂಗಸರಿರಬೇಕು, ಹೊರಗಿನವರು ಒಬ್ಬರು ಇರಬೇಕು. ನಿಮ್ಮಲ್ಲಿ ತೊಂದರೆ ಇದೆ ಎಂದು ನೀವು ಬರೆದಿಲ್ಲ. ಆದರೂ ಹೊಸದಾಗಿ ಸೇರಿದ ಪ್ರತಿ ಹುಡುಗಿಗೆ ಆ ಸಮಿತಿಯವರ ಹೆಸರು ಮೊದಲ ದಿನವೇ ತಿಳಿದಿರಬೇಕು. ಕೂಲಿಗೆ ಬರುವ ಹೆಂಗಸರಿಗೂ ತಿಳಿದಿರಬೇಕು. ನಾಳೆಯೇ ಕೇಳಿ.

ಪ್ರಶ್ನೆ: ಸೈನ್ಯದಿಂದ ಬಂದು ಒಂದು ವರ್ಷ. ಈಗ ಒಂದು ತೋಟಕ್ಕೆ ಕೆಲಸಕ್ಕೆ ಸೇರಿದ್ದೇನೆ. ಹಕ್ಕಿ ಓಡಿಸಲು ಪಟಾಕಿ ಹೊಡೆಯುತ್ತಾರೆ. ಆ ಸದ್ದಿಗೆ ನನ್ನ ಕೈಕಾಲು ತಣ್ಣಗಾಗುತ್ತದೆ. ರಾತ್ರಿ ನಿದ್ದೆ ಬರುವುದಿಲ್ಲ. ಹೊಸ ಜಾಗ, ಹೇಳಿಕೊಳ್ಳಲು ನಾಚಿಕೆ. – ಮಾಜಿ ನಾಯಕ್, ಆನೇಕಲ್

ಉತ್ತರ: ನಿಮ್ಮ ಕಾಗದವನ್ನು ನಮ್ಮ ಯಜಮಾನರಿಗೂ ಓದಿ ಹೇಳಿದೆ. ಅವರ ಒಪ್ಪಿಗೆ ತೆಗೆದುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಎಷ್ಟೋ ವರ್ಷ ದೀಪಾವಳಿಗೆ ನಾವು ಬೆಂಗಳೂರಿನಲ್ಲಿ ಇರುತ್ತಿರಲಿಲ್ಲ. ಅರಸೀಕೆರೆ ಕಡೆ ಅವರ ಅಣ್ಣನ ತೋಟದ ಮನೆಗೆ ಹೋಗಿಬಿಡುತ್ತಿದ್ದೆವು. ಯಾಕೆ ಎಂದು ನಂಟರು ಕೇಳಿದರೆ ತೆಂಗಿನಕಾಯಿ ಕೀಳಿಸುವುದಿದೆ ಎನ್ನುತ್ತಿದ್ದೆವು. ನಾವಿಬ್ಬರೂ ಕೂಡ ಅದರ ಬಗ್ಗೆ ಮಾತಾಡಿರಲಿಲ್ಲ. ಕೊನೆಗೆ ಅವರು ಒಬ್ಬ ವೈದ್ಯರ ಹತ್ತಿರ ಹೇಳಿಕೊಂಡರು. ಹೇಳಿದ ದಿನ ರಾತ್ರಿ ಮನೆಗೆ ಬಂದು ಎರಡು ಸಲ ಅನ್ನ ಹಾಕಿಸಿಕೊಂಡು ಉಂಡರು.

ನಾಚಿಕೆ ಪಡುವ ವಿಷಯ ಇದಲ್ಲ. ಮೈ ಕಲಿತದ್ದನ್ನು ಅಷ್ಟು ಬೇಗ ಮರೆಯುವುದಿಲ್ಲ. ತೋಟದಲ್ಲಿ ನಿಮಗೆ ಹತ್ತಿರ ಎನಿಸುವ ಒಬ್ಬರಿಗೆ ಹೇಳಿ, ಒಬ್ಬರು ಸಾಕು. ನಿದ್ದೆ ಹೋಗಿದೆ ಎಂದಿದ್ದೀರಿ, ಅದನ್ನು ಮುಂದೂಡಬೇಡಿ. ಮನಸ್ಸಿನ ಆರೋಗ್ಯಕ್ಕೆಂದು ಟೆಲಿ ಮಾನಸ್ ಎಂಬ ಸರ್ಕಾರದ ಸಹಾಯವಾಣಿ 2022ರಿಂದ ಇದೆ, ನಂಬರ್ 14416. ಹಗಲು ರಾತ್ರಿ ಸಿಗುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಆನೇಕಲ್‌ನಿಂದ ಹೊಸೂರು ರಸ್ತೆಯ ನಿಮ್ಹಾನ್ಸ್ ದೂರವಲ್ಲ. ಇಸಿಎಚ್‌ಎಸ್ ಕಾರ್ಡ್ ಇದ್ದರೆ ಪಾಲಿಕ್ಲಿನಿಕ್‌ನ ವೈದ್ಯರಿಗೂ ತೋರಿಸಿ.

ತೋಟ ನಡೆಸುವವರು ಇದನ್ನು ಓದುತ್ತಿದ್ದರೆ, ಹೊಳೆಯುವ ರಿಬ್ಬನ್ ತಂದು ಹೊಲದ ಮೇಲೆ ಎಳೆದು ಕಟ್ಟಿ. ಗಾಳಿಗೆ ಮಿಂಚುತ್ತದೆ, ಹಕ್ಕಿ ಹೆದರುತ್ತದೆ. ಬೋರ್‌ವೆಲ್ ಕೊರೆಸುವ ದಿನ, ಬಂಡೆ ಸಿಡಿಸುವ ದಿನ ಎಲ್ಲರಿಗೂ ಮುಂಚೆಯೇ ತಿಳಿಸಿ. ಯಾರಿಗೆ ತೊಂದರೆ ಆಗುತ್ತದೆ ಎಂದು ಸಭೆಯಲ್ಲಿ ಕೈ ಎತ್ತಿಸಬೇಡಿ.

ಪ್ರಶ್ನೆ: ನಾನು ನಿವೃತ್ತ ಬ್ಯಾಂಕ್ ಮ್ಯಾನೇಜರ್. ಮಾಜಿ ಸೈನಿಕರ ಕೃಷಿ ಸಂಸ್ಥೆಯೊಂದು ಮಂಡಳಿಗೆ ಕರೆದಿದೆ. ‘ನಿಮ್ಮ ಹೆಸರು ಇದ್ದರೆ ಸಾಕು ಸರ್, ಬರುವುದೂ ಬೇಡ’ ಎನ್ನುತ್ತಾರೆ. ಒಪ್ಪಲೇ? – ಮಲ್ಲೇಶ್ವರ

ಉತ್ತರ: ಹೆಸರಿಗಷ್ಟೇ ಆದರೆ ಒಪ್ಪಬೇಡಿ ಸರ್. ಬಹುಶಃ ಅವರು ಸಂಕೋಚದಿಂದ ಹಾಗೆ ಹೇಳಿರಬಹುದು, ದೊಡ್ಡವರಿಗೆ ಕೆಲಸ ಹೇಳುವುದು ಹೇಗೆ ಎಂದು. ಹಾಗಾಗಿ ಒಂದು ಅವಕಾಶ ಕೊಡಿ. ‘ಬರುತ್ತೇನೆ, ಆದರೆ ಮೊದಲು ಕ್ಯಾಶ್ ಪುಸ್ತಕ, ಬ್ಯಾಂಕ್ ಪಾಸ್‌ಬುಕ್ ನೋಡುತ್ತೇನೆ’ ಎಂದು ಹೇಳಿ. ಎರಡನ್ನೂ ಪಕ್ಕ ಪಕ್ಕ ಇಟ್ಟು ತಾಳೆ ನೋಡುವುದು ನಿಮಗೆ ಗೊತ್ತಿರುವಷ್ಟು ಅಲ್ಲಿ ಬೇರೆ ಯಾರಿಗೂ ಗೊತ್ತಿರಲಿಕ್ಕಿಲ್ಲ. ಸಂತೋಷದಿಂದ ತಂದಿಟ್ಟರೆ ಸೇರಿ. ಮುಂದಿನ ವಾರ, ಮುಂದಿನ ವಾರ ಎಂದು ಮೂರು ಸಲ ಹೇಳಿದರೆ ಕೈ ಮುಗಿದು ಬನ್ನಿ.

ಸೇರಿದರೆ ಒಂದು ದಿನ ಕಣಕ್ಕೂ ಹೋಗಿ. ರಾಗಿ ಬಡಿಯುವಾಗ ಹೋದರೆ ಹಳೇ ಅಂಗಿ ಹಾಕಿಕೊಳ್ಳಿ, ತಲೆಗೆ ಕುತ್ತಿಗೆಗೆ ಸೇರಿಸಿ ಒಂದು ಟವೆಲ್ ಸುತ್ತಿಕೊಳ್ಳಿ. ಹೊಟ್ಟಿನ ದೂಳು ಮೈಗೆ ಹತ್ತಿದರೆ ಸಂಜೆಯವರೆಗೂ ಕಡಿತ.